ಇನ್ನಾಸಪ್ಪ ಮೇಷ್ಟ್ರಿಗೆ ಸಲ್ಲಬೇಕಿದ್ದ ಒಂದು ನಿಮಿಷ

ಆ ದಿನ ಬೆಳಿಗ್ಗೆ ಮೈದಾನದಲ್ಲಿ ಯಾರು ಯಾರು ಇದ್ದರು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ನಡೆದದ್ದೆಲ್ಲ, ಯಾರು ಇದ್ದಾರೆ ಯಾರು ಇಲ್ಲ ಅನ್ನುವುದರ ಮೇಲೆಯೇ ನಿಂತಿದೆ. ವೇದಿಕೆಯ ಮೇಲೆ ಮುಖ್ಯ ಅತಿಥಿಗಳು, ಇಬ್ಬರು ಪ್ರಿನ್ಸಿಪಾಲರು, ಮೈಕಿನ ಮುಂದೆ ಕ್ರೀಡಾಕೂಟದ ಕಾರ್ಯದರ್ಶಿ ಪ್ರಭಾಕರ್. ವೇದಿಕೆಯ ಕೆಳಗೆ ಒಂದು ಮೇಜು, ಅದರ ಮೇಲೆ ಹಾರ ಹಾಕಿದ ಫೋಟೋ, ಊದುಬತ್ತಿ. ಟ್ರ್ಯಾಕಿನ ಆ ತುದಿಯಲ್ಲಿ ಕೆಂಪು ಕೋಟು ತೊಟ್ಟ ಸ್ಟಾರ್ಟರ್ ಶಾಹಿನಾ. ಗ್ಯಾಲರಿಯ ಕೆಳಗಿನ ಮೆಟ್ಟಿಲಿನಲ್ಲಿ ನಾನು. ನನಗಿಂತ ಸ್ವಲ್ಪ ಮೇಲೆ, ಕಾಲೇಜು ಹುಡುಗರ ಗುಂಪಿನ ಅಂಚಿನಲ್ಲಿ, ಕ್ರಿಕೆಟ್ ಟೋಪಿ ಹಾಕಿಕೊಂಡು ಕಡಲೆಕಾಯಿ ಬಿಡಿಸುತ್ತ ಇನ್ನಾಸಪ್ಪ ಮೇಷ್ಟ್ರು. ಮೇಜಿನ ಮೇಲೆ ಹಾರ ಹಾಕಿಸಿಕೊಂಡಿದ್ದ ಫೋಟೋ ಅವರದೇ.

ಕೋವಿಡ್ ಕಳೆದು ಮೈದಾನಗಳು ಮತ್ತೆ ತುಂಬತೊಡಗಿದ್ದ ಕಾಲ ಅದು. ನಾನು ಮೈಸೂರಿನ ಒಂದು ಕನ್ನಡ ದಿನಪತ್ರಿಕೆಯಲ್ಲಿ ಹಿರಿಯ ಉಪಸಂಪಾದಕಿ. ಕ್ರೀಡಾ ಪುಟ ನನ್ನದು. ಅದರ ಜೊತೆಗೆ ಇನ್ನೊಂದು ಕೆಲಸವೂ ಹೇಗೋ ನನ್ನ ತಲೆಗೇ ಬಂದಿತ್ತು. ಊರಿನ ದೊಡ್ಡವರು, ವಯಸ್ಸಾದವರು, ಕಾಯಿಲೆ ಬಿದ್ದವರು ತೀರಿಕೊಂಡರೆ ಹಾಕಬೇಕಾದ ನಿಧನ ವಾರ್ತೆಯನ್ನು ಅವರು ಬದುಕಿರುವಾಗಲೇ ಬರೆದಿಡುವುದು. ಸುದ್ದಿಮನೆಯಲ್ಲಿ ಇದಕ್ಕೆ ಅಡ್ವಾನ್ಸ್ ಒಬಿಟ್ ಅನ್ನುತ್ತಾರೆ. ಪುಟ ಮುಗಿಸುವ ಹೊತ್ತಿಗೆ ಸಾವಿನ ಸುದ್ದಿ ಬಂದರೆ ಹುಟ್ಟಿದ ಊರು, ಮಾಡಿದ ಕೆಲಸ, ಬಂದ ಪ್ರಶಸ್ತಿ ಹುಡುಕುತ್ತ ಕೂರುವುದಕ್ಕೆ ಪುರಸೊತ್ತು ಇರುವುದಿಲ್ಲ. ಎಲ್ಲ ಮೊದಲೇ ಸಿದ್ಧವಿದ್ದರೆ ದಿನಾಂಕವೊಂದನ್ನು ತುಂಬಿದರಾಯಿತು. ಸಹೋದ್ಯೋಗಿಗಳು ನನ್ನನ್ನು ಯಮನ ಆಫೀಸಿನ ಗುಮಾಸ್ತೆ ಅಂತ ಚುಡಾಯಿಸುತ್ತಿದ್ದರು. ಮದುವೆ ಮನೆಯಲ್ಲಿ ಯಾರಾದರೂ ಹಿರಿಯರ ಹತ್ತಿರ ಹೋಗಿ ಆರೋಗ್ಯ ವಿಚಾರಿಸಿದರೆ ಅವರ ಮಕ್ಕಳ ಮುಖ ಸಣ್ಣಗಾಗುತ್ತಿತ್ತು.

ಈ ಕೆಲಸಕ್ಕೆ ಬೇಕಾದ ಭಾಷೆ ನನಗೆ ಬಂದದ್ದು ಅಗ್ರಹಾರದ ನಮ್ಮಜ್ಜಿಯಿಂದ. ತಾತ ಅರಮನೆಯ ಉಗ್ರಾಣದಲ್ಲಿ ಕೆಲಸಕ್ಕಿದ್ದವರು, ಹಾಗಾಗಿ ಊರಿನ ಸಾವುನೋವಿನ ಸುದ್ದಿಯೆಲ್ಲ ನಮ್ಮ ಮನೆ ಹೊಸ್ತಿಲು ದಾಟಿಯೇ ಮುಂದಕ್ಕೆ ಹೋಗುತ್ತಿತ್ತು. ಅಜ್ಜಿ ಯಾರದೇ ಸಾವನ್ನು ನೆಟ್ಟಗೆ ಹೇಳಿದವಳಲ್ಲ. ಎದುರಿಗಿದ್ದವರನ್ನು ಕೂರಿಸಿ, ನೀರು ಕೊಟ್ಟು, ಹೋದವರಿಗೆ ಯಾವ ತಿಂಡಿ ಇಷ್ಟವಿತ್ತು, ಅವರು ನಗುತ್ತಿದ್ದದ್ದು ಹೇಗೆ ಅಂತ ಶುರುಮಾಡಿ, ಕೊನೆಗೆ ಸುದ್ದಿಗೆ ಬರುತ್ತಿದ್ದಳು. ಪತ್ರಿಕೆಯಲ್ಲಿ ಅಷ್ಟು ಜಾಗ ಎಲ್ಲಿಯದು? ಆದರೂ ಆ ವರಸೆ ನನ್ನ ಕೈ ಬಿಟ್ಟಿರಲಿಲ್ಲ.

ಇನ್ನಾಸಪ್ಪ ಮೇಷ್ಟ್ರು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ಟರ್ ಆಗಿದ್ದವರು. ಆಗೆಲ್ಲ ಊರಿನಲ್ಲಿ ಯಾವ ಓಟದ ಸ್ಪರ್ಧೆ ನಡೆದರೂ ಸ್ಟಾರ್ಟರ್ ಅವರೇ, ಅಂದರೆ ಪಿಸ್ತೂಲು ಹಾರಿಸಿ ಓಟ ಬಿಡುವವರು. ಸ್ಕೂಲಿನಲ್ಲಿ ನಾನು ಲೊಡ್ಡಾಗಿ ಓಡುತ್ತಿದ್ದ ಕಾಲದಿಂದ ಅವರಿಗೆ ನನ್ನ ಗುರುತು. ಜನ ಗುಂಡಿನ ಸದ್ದನ್ನು ಮಾತ್ರ ಕೇಳುತ್ತಾರೆ. ಸ್ಟಾರ್ಟರನ ನಿಜವಾದ ಕೆಲಸ ಅದಕ್ಕೆ ಮೊದಲಿನದು. ಸೀಟಿ ಊದಿ ಕೈ ಎತ್ತಿದರೆ ಮೈದಾನ ಸುಮ್ಮನಾಗಬೇಕು. ‘ಆನ್ ಯುವರ್ ಮಾರ್ಕ್ಸ್’ ಅಂದರೆ ಓಟಗಾರರು ನೆಲಕ್ಕೆ ಕೈಯೂರಬೇಕು, ‘ಸೆಟ್’ ಅಂದರೆ ಸೊಂಟ ಎತ್ತಿ ಅಲುಗದೆ ನಿಲ್ಲಬೇಕು. ಜನರನ್ನು ಅಲುಗದಂತೆ ನಿಲ್ಲಿಸುವುದರಲ್ಲಿ ಮೇಷ್ಟ್ರಿಗೆ ಸಮನಾದವರು ನಮ್ಮ ಊರಿನಲ್ಲಿ ಇರಲಿಲ್ಲ.

ಪ್ರಭಾಕರ್ ಮೈಕಿನಲ್ಲಿ ಗಂಟಲು ಸರಿಮಾಡಿಕೊಂಡು, ಕ್ರೀಡಾಲೋಕಕ್ಕೆ ತುಂಬಲಾರದ ನಷ್ಟವಾಗಿದೆ, ನಮ್ಮ ಹಿರಿಯ ಸ್ಟಾರ್ಟರ್ ದಿವಂಗತ ಇನ್ನಾಸಪ್ಪನವರ ಆತ್ಮಕ್ಕೆ ಶಾಂತಿ ಕೋರಿ ಎಲ್ಲರೂ ಎದ್ದು ಒಂದು ನಿಮಿಷ ಮೌನ ಆಚರಿಸಬೇಕು ಅಂದರು. ಸ್ವಲ್ಪ ಹೊತ್ತಿನ ಹಿಂದೆ ತಾನೇ ಅವರಿಗೆ ನಮಸ್ಕಾರ ಹೇಳಿ ಕೂತಿದ್ದೆ. ಎದ್ದು ಹಿಂತಿರುಗಿ ನೋಡಿದೆ. ಗ್ಯಾಲರಿಯೆಲ್ಲ ಎದ್ದು ನಿಂತಿತ್ತು. ಮೇಷ್ಟ್ರೂ ಕಡಲೆಕಾಯಿ ಪೊಟ್ಟಣ ಜೇಬಿಗೆ ಹಾಕಿಕೊಂಡು ಎದ್ದಿದ್ದರು. ಪಕ್ಕದಲ್ಲಿದ್ದ ಕಾಲೇಜು ಹುಡುಗ ಅವರ ತೋಳು ಮುಟ್ಟಿದ.

“ತಾತ, ಟೋಪಿ ತೆಗೀರಿ. ಯಾರೋ ತೀರ್ಕೊಂಡವ್ರೆ.”

ಮೇಷ್ಟ್ರು ಟೋಪಿ ತೆಗೆದರು. ಫೋಟೋದಲ್ಲಿದ್ದದ್ದು ಕಪ್ಪು ಮೀಸೆಯ, ದಪ್ಪ ಕತ್ತಿನ ಆಳು. ಇಲ್ಲಿ ನಿಂತಿದ್ದದ್ದು ನರೆತು ಸೊರಗಿದ ಮುದುಕರು. ಯಾರಿಗೂ ಗುರುತು ಸಿಗಲಿಲ್ಲ. ನಾನು ಕೂಗಿ ಹೇಳಬೇಕೆಂದು ಬಾಯಿ ತೆರೆದೆ. ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು. ಅಂಗೈಯನ್ನು ನೆಲದ ಕಡೆಗೆ ಒಂದಿಷ್ಟು ತಗ್ಗಿಸಿದರು. ಅದು ಸ್ಟಾರ್ಟರನ ಸನ್ನೆ, ಅಲುಗಬೇಡ ಅಂತ. ಸ್ಕೂಲು ಹುಡುಗಿಯ ಹಾಗೆ ನಾನೂ ಬಾಯಿ ಮುಚ್ಚಿ ನಿಂತೆ.

ನಿಮಿಷ ಅರ್ಧವೂ ಆಗಿರಲಿಲ್ಲ, ಪ್ರಭಾಕರ್ ಧನ್ಯವಾದ ಅಂದುಬಿಟ್ಟರು. ಬ್ಯಾಂಡು ಶುರುವಾಯಿತು. ಜನ ದಬದಬನೆ ಕೂತರು. ಮೇಷ್ಟ್ರು ಟೋಪಿ ಕೈಯಲ್ಲೇ ಹಿಡಿದು ಪಕ್ಕದ ಹುಡುಗನನ್ನು ಯಾರಪ್ಪ ಹೋದವರು ಅಂತ ಕೇಳಿದರು.

“ಯಾರೋ ಹಳೇ ಸ್ಟಾರ್ಟರಂತೆ ಬುಡಿ ತಾತ.”

“ಒಳ್ಳೆಯೋರಾ?”

“ನಮಗೆಂಗೊತ್ತು? ನಾವು ಹುಟ್ಟೋಕ್ಮುಂಚಿನೋರು.”

ನಾನು ಮೆಟ್ಟಿಲು ಹತ್ತಿ ಹೋಗಿ ಅವರ ಪಕ್ಕ ಕೂತೆ. ಅವರೇ ಶುರುಮಾಡಿದರು.

“ಒಂದು ನಿಮಿಷ ಅಂದು ಮಧ್ಯದಲ್ಲೇ ಬಿಟ್ಬುಟ್ರು ನೋಡಮ್ಮ ವಸುಧಾ.”

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಹಾರ ಹಾಕಿದ ಫೋಟೋ ಆಗಲೇ ಊರಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡತೊಡಗಿತ್ತು. ಆಫೀಸಿನಿಂದ ಸುದ್ದಿ ಸಂಪಾದಕರು. ಇನ್ನಾಸಪ್ಪನವರ ಕಾಪಿ ರೆಡಿ ಇದೆಯಲ್ಲ, ವೆಬ್‌ಸೈಟಿಗೆ ಏರಿಸಿಬಿಡೋಣವೇ ಅಂದರು.

“ಬೇಡ ಸರ್. ಅವರು ನನ್ನ ಪಕ್ಕದಲ್ಲಿ ಕೂತು ಕಡಲೆಕಾಯಿ ಬಿಡಿಸ್ತಿದಾರೆ.”

ಹಾಗಾದರೆ ತಡೀರಿ ಅಂದು ಅವರು ಫೋನಿಟ್ಟರು. ಮೇಷ್ಟ್ರು ನಕ್ಕುಬಿಟ್ಟರು. ನಗು ಮುಗಿದ ಮೇಲೆ, ಹಾಗಾದರೆ ನನ್ನದೂ ಬರೆದಿಟ್ಟಿದ್ದೀಯ ಅಂತ ಕೇಳಿದರು. ಒಬಿಟ್ ಇದೆ ಅಂತ ಸಂಬಂಧಪಟ್ಟವರಿಗೆ ಹೇಳಬಾರದು, ತೋರಿಸುವುದಂತೂ ಇಲ್ಲವೇ ಇಲ್ಲ. ನಮ್ಮ ಕಸುಬಿನ ಕಟ್ಟುಪಾಡು ಅದು. ಆದರೂ ತಲೆಯಾಡಿಸಿದೆ. ಓದಿ ಹೇಳುವುದು ಬೇಡ, ಓದಿದರೆ ತಿದ್ದುವುದಕ್ಕೆ ಕೂತುಬಿಡುತ್ತೇನೆ ಅಂದರು. ಹಳೆಯ ಪತ್ರಿಕೆಗಳನ್ನು ನೋಡಿ ಬರೆದಿದ್ದ ಆ ಒಣ ಕಾಪಿ ನೆನಪಾಗಿ, ಓದು ಅನ್ನದಿದ್ದದ್ದೇ ಒಳ್ಳೆಯದಾಯಿತು ಅನ್ನಿಸಿತು.

ನಾನು ಕಳಿಸಿದ ಮೆಸೇಜು ನೋಡಿ ಪ್ರಭಾಕರ್ ಓಡಿ ಬಂದರು. ಗಾಬರಿಯಲ್ಲಿ ಫೋಟೋದ ಹಾರವನ್ನೇ ಕೈಯಲ್ಲಿ ಹಿಡಿದು ತಂದಿದ್ದರು, ಅರ್ಧ ಮೆಟ್ಟಿಲು ಹತ್ತಿದ ಮೇಲೆ ಅದೇನೆಂದು ಹೊಳೆದು ಬೆನ್ನ ಹಿಂದೆ ಮುಚ್ಚಿಕೊಂಡರು. ಬೆವರು ಒರೆಸಿಕೊಳ್ಳುತ್ತ ನಡೆದದ್ದನ್ನು ಹೇಳಿದರು. ಯಾದವಗಿರಿಯ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ವಾಚ್‌ಮನ್ ಮೇಷ್ಟ್ರ ಬ್ಲೇಜರ್ ತೊಟ್ಟು ನಿಂತಿದ್ದನಂತೆ. ಎದೆಯ ಮೇಲೆ ನಮ್ಮ ಅಥ್ಲೆಟಿಕ್ಸ್ ಸಂಘದ ಲಾಂಛನವಿದ್ದ ನೀಲಿ ಕೋಟು, ಊರಿನಲ್ಲಿ ಅಂಥದ್ದು ಅವರೊಬ್ಬರಿಗೇ ಇದ್ದದ್ದು. ಎಲ್ಲಿಯದು ಅಂತ ಕೇಳಿದ್ದಕ್ಕೆ ಚರ್ಚಿನಲ್ಲಿ ಹಂಚಿದರು ಅಂದನಂತೆ. ಮೇಷ್ಟ್ರು ಹೋಗುತ್ತಿದ್ದ ಆ ಚರ್ಚಿನಲ್ಲಿ ಸತ್ತವರ ಬಟ್ಟೆಯನ್ನು ಮನೆಯವರು ತಂದುಕೊಡುವುದು, ಅದನ್ನು ಬಡವರಿಗೆ ಹಂಚುವುದು ಹಿಂದಿನಿಂದ ನಡೆದುಬಂದ ಪದ್ಧತಿ. ಯಾದವಗಿರಿಯಲ್ಲಿ ಮೇಷ್ಟ್ರು ಬಾಡಿಗೆಗಿದ್ದ ಔಟ್‌ಹೌಸಿಗೂ ಪ್ರಭಾಕರ್ ಹೋಗಿ ನೋಡಿದ್ದರು. ಬೀಗ.

“ಆ ಬ್ಲೇಜರ್‌ನ ನೀವು ಜೀವ ಇರೋತನಕ ಯಾರಿಗೂ ಕೊಡೋರಲ್ಲ ಅಂತ ತಿಳ್ಕೊಂಡ್ಬುಟ್ಟೆ ಸಾರ್,” ಅಂದರು ಪ್ರಭಾಕರ್.

“ನಾನೂ ಅಂಗೇ ತಿಳ್ಕೊಂಡಿದ್ದೆ ಕಣಯ್ಯ,” ಅಂದರು ಮೇಷ್ಟ್ರು.

ಮೈಕಿನಲ್ಲಿ ಈಗಲೇ ತಿದ್ದಿ ಹೇಳುತ್ತೇನೆ ಅಂತ ಪ್ರಭಾಕರ್ ಹೊರಟರೆ, ಮೇಷ್ಟ್ರು ಒಪ್ಪಲಿಲ್ಲ. ಹುಡುಗರು ಓಟಕ್ಕೆ ಮೈ ಬಿಸಿಮಾಡಿಕೊಂಡು ಕಾಯುತ್ತಿದ್ದಾರೆ, ನಾನು ಬದುಕಿದ್ದೇನೆ ಅಂತ ಸಾರುವುದಕ್ಕೆ ಅವರನ್ನು ನಿಲ್ಲಿಸಬೇಡ ಅಂದರು. ಮುಂದಿನ ವರ್ಷ ವೇದಿಕೆಗೇ ಕರೆದು ಸನ್ಮಾನ ಮಾಡುತ್ತೇವೆ ಅಂತ ಮಾತು ಕೊಟ್ಟು ಪ್ರಭಾಕರ್ ಹೋದರು. ಮುಂದಿನ ವರ್ಷ ಕರೆಯಲಿಲ್ಲ ಅನ್ನುವುದನ್ನು ಇಲ್ಲೇ ಹೇಳಿಬಿಡುವುದು ವಾಸಿ.

ಬ್ಲೇಜರಿನ ಕತೆಯನ್ನು ಮೇಷ್ಟ್ರು ಆಮೇಲೆ ನಿಧಾನವಾಗಿ ಹೇಳಿದರು. ಮದುವೆಯಾಗದ ಒಂಟಿ ಜೀವ. ಔಟ್‌ಹೌಸ್ ಕೆಡವುತ್ತಾರೆಂದು ದಟ್ಟಗಳ್ಳಿಯಲ್ಲಿ ಮಹಡಿಯ ಮೇಲಿನ ಒಂದು ರೂಮಿಗೆ ಹೋಗಿದ್ದರು. ಸಾಮಾನು ಕಟ್ಟುವಾಗ ಬ್ಲೇಜರ್ ಕೈಗೆ ಬಂತು. ಮೈದಾನದಿಂದ ಕರೆ ಬಂದು ಯಾವ ಕಾಲವಾಯಿತು ಅಂತ ಲೆಕ್ಕ ಹಾಕಿದರಂತೆ, ಹಾಕಿ, ಅದನ್ನು ಮಡಚಿ ಚರ್ಚಿನ ಬಟ್ಟೆ ಗಂಟಿಗೆ ತಾವೇ ಸೇರಿಸಿ ಬಂದರಂತೆ. ನನ್ನ ಕಾಲ ಮುಗಿಯಿತು ಅಂತ ಮೊದಲು ಅಂದುಕೊಂಡವನು ನಾನೇ, ಪಾಪ ಪ್ರಭಾಕರನದು ಏನು ತಪ್ಪು, ಅಂದರು.

ಆ ಹೊತ್ತಿಗೆ ನೂರು ಮೀಟರ್ ಓಟಕ್ಕೆ ಶಾಹಿನಾ ಸೀಟಿ ಊದಿ ಕೈ ಎತ್ತಿದಳು. ಉದಯಗಿರಿಯ ಮೆಕ್ಯಾನಿಕ್ ಒಬ್ಬರ ಮಗಳು, ಈಗ ಸ್ಕೂಲೊಂದರಲ್ಲಿ ಪಿ.ಇ. ಟೀಚರ್. ಅವಳಿಗೆ ಸ್ಟಾರ್ಟರ್ ಕೆಲಸ ಕಲಿಸಿದವರು ಮೇಷ್ಟ್ರೇ. ವೇದಿಕೆಯ ಮಾತು ಆ ತುದಿಗೆ ಸರಿಯಾಗಿ ಕೇಳುತ್ತಿರಲಿಲ್ಲವಾದ್ದರಿಂದ, ತನ್ನ ಗುರುವನ್ನು ಮೈಕಿನಲ್ಲಿ ಇವರು ಕೊಂದು ಮುಗಿಸಿದ್ದು ಅವಳಿಗೆ ಇನ್ನೂ ಗೊತ್ತಿರಲಿಲ್ಲ. ಮೇಷ್ಟ್ರು ಕಣ್ಣು ಕಿರಿದು ಮಾಡಿ ನೋಡಿದರು. ಗುಂಡು ಹಾರಿತು.

“ಕೈ ಬೇಗ ಇಳಿಸ್ತಾಳೆ. ಎತ್ತಿದ ಮೇಲೆ ಇಳಿಸೋ ಅವಸರ ಇರಬಾರ್ದು ಅಂತ ಎಷ್ಟು ಹೇಳಿದೀನಿ. ಜನ ಸುಮ್ಮನಾಗೋತನಕ ನೀನು ನಿಂತ್ಕೋ ಅಂತ.”

ಏಳುವಾಗ ಟೋಪಿ ಹಾಕಿಕೊಂಡು ಒಂದು ಮಾತು ಕೇಳಿದರು. ಅದನ್ನು ಕೇಳುವುದಕ್ಕೆ ಅವರಿಗೆ ನಾಚಿಕೆಯಾಗಿತ್ತು, ಮುಖ ಟ್ರ್ಯಾಕಿನ ಕಡೆಗೇ ಇತ್ತು.

“ನಿಜವಾಗ್ಲೂ ಹೋದಾಗ, ಒಂದು ನಿಮಿಷ ಪೂರ್ತಿ ನಿಲ್ಲಿಸಿ ಅಂತ ಹೇಳಮ್ಮ. ಪೇಪರ್‌ನಲ್ಲಿ ಏನಾದ್ರೂ ಬರ್ಕೋ. ಇಲ್ಲಿ ಮಾತ್ರ ಅರ್ಧಂಬರ್ಧ ಬೇಡ.”

ಹೇಳುತ್ತೇನೆ ಅಂದೆ.

ಆಮೇಲೆ ನಾನು ಆಗಾಗ ದಟ್ಟಗಳ್ಳಿಗೆ ಹೋಗಿ ಬರುತ್ತಿದ್ದೆ. ಒಂದು ಮಂಚ, ಶಿಲುಬೆಯ ಕೆಳಗೆ ಒಂದು ಮೊಂಬತ್ತಿ, ಕಿಟಕಿಯಾಚೆ ಖಾಲಿ ಸೈಟುಗಳು. ಚಹಾ ಅವರೇ ಮಾಡುತ್ತಿದ್ದರು, ಸಕ್ಕರೆ ಜಾಸ್ತಿ. ಅವರ ಒಬಿಟ್ ಅನ್ನು ನಾನು ತೆಗೆದು ಹೊಸದಾಗಿ ಬರೆದೆ. ಇಷ್ಟು ವರ್ಷ ಫೈಲು ನೋಡಿ ಬರೆದ ಉಳಿದ ಒಬಿಟ್‌ಗಳ ಬಗ್ಗೆಯೂ ಯೋಚನೆ ಹತ್ತಿತು. ಒಬ್ಬ ಮನುಷ್ಯ ಏನೇನು ಮಾಡಿದ ಅನ್ನುವುದು ಫೈಲಿನಲ್ಲಿ ಸಿಗುತ್ತದೆ. ಅವನಿಗೆ ಏನು ಬೇಕಾಗಿತ್ತು ಅನ್ನುವುದು ಅಲ್ಲಿ ಇರುವುದಿಲ್ಲ. ಅದನ್ನು ಅವನು ಇರುವಾಗ ಹೋಗಿ, ಕೂತು, ಅವನು ಕೊಟ್ಟ ಚಹಾ ಕುಡಿದು ಕೇಳಬೇಕು. ಈ ಕೆಲಸ ನನಗೆ ಕಲಿಸಿದ್ದು ಅಷ್ಟೇ, ಅದೂ ನಿವೃತ್ತಿಯ ಬಾಗಿಲಿನಲ್ಲಿ.

ನಾನು ನಿವೃತ್ತಳಾದ ಮೇಲೆ, ಒಂದು ಮಳೆಗಾಲದಲ್ಲಿ ಮೇಷ್ಟ್ರು ನಿದ್ದೆಯಲ್ಲೇ ಹೋದರು. ಒಬಿಟ್ ಒಳಪುಟದಲ್ಲಿ ಬಂತು. ಜಾಹೀರಾತು ಹೆಚ್ಚಿತ್ತೆಂದು ಕೆಳಗಿನ ಅರ್ಧವನ್ನು ಕತ್ತರಿಸಿದ್ದರು. ಚರ್ಚಿನ ಸಿಮೆಟ್ರಿಯಲ್ಲಿ ಮಣ್ಣು ಮಾಡುವಾಗ ಇದ್ದದ್ದು ಫಾದರ್, ಮನೆ ಮಾಲೀಕರು, ಶಾಹಿನಾ, ನಾನು. ಒಂದೇ ಕೊಡೆಯ ಕೆಳಗೆ ನಾವಿಬ್ಬರು ನಿಂತಿದ್ದೆವು.

ಆ ಚಳಿಗಾಲ ಕ್ರೀಡಾಕೂಟದ ದಿನ ಬೆಳಿಗ್ಗೆಯೇ ಹೋಗಿ ಮೇಷ್ಟ್ರಿಗೆ ಸಲ್ಲಬೇಕಾದ ಒಂದು ನಿಮಿಷವನ್ನು ಪ್ರಭಾಕರ್ ಅವರಿಗೆ ನೆನಪಿಸಿದೆ. ಅವರು ಅತ್ತಿತ್ತ ನೋಡಿ ನನ್ನನ್ನು ಪಕ್ಕಕ್ಕೆ ಕರೆದರು.

“ತಪ್ಪು ತಿಳ್ಕೋಬೇಡಿ ಮೇಡಂ. ಅವರಿಗೆ ಒಂದ್ಸಲ ಮಾಡಿದೀವಲ್ಲ. ಮತ್ತೆ ಅದೇ ಹೆಸರು ಹೇಳಿದ್ರೆ ಜನ ನಗ್ತಾರೆ.”

ವಾದ ಮಾಡಿದೆ. ಮುಖ್ಯ ಅತಿಥಿಗಳ ಕಾರು ಬಂತು, ಅವರು ಹೋದರು. ನಾನು ಟ್ರ್ಯಾಕಿನ ತುದಿಗೆ ನಡೆದುಕೊಂಡು ಹೋಗಿ, ಮೇಷ್ಟ್ರು ಕೇಳಿಕೊಂಡದ್ದನ್ನೂ ಪ್ರಭಾಕರ್ ಅಂದದ್ದನ್ನೂ ಶಾಹಿನಾಗೆ ಹೇಳಿದೆ. ಅವಳು ಪಿಸ್ತೂಲಿಗೆ ಸದ್ದಿನ ಕ್ಯಾಪ್ ತುಂಬುತ್ತಿದ್ದಳು. ತಲೆ ಎತ್ತದೆ, ನೀವು ಹೋಗಿ ಕೂತ್ಕೊಳಿ ಮೇಡಂ ಅಂದಳು.

ಮೊದಲನೆಯ ಓಟಕ್ಕೆ ಹುಡುಗರು ಕಾಲೂರುವ ಬ್ಲಾಕುಗಳ ಹಿಂದೆ ಸಾಲಾಗಿ ನಿಂತರು. ಶಾಹಿನಾ ಸೀಟಿ ಊದಿ ಕೈ ಎತ್ತಿದಳು. ಮೈದಾನ ಸುಮ್ಮನಾಯಿತು. ಅವಳು ಕೈ ಇಳಿಸಲಿಲ್ಲ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಗ್ಯಾಲರಿಯಲ್ಲಿ ಯಾರೋ ಗೊಣಗಿದರು, ಫೋಟೋ ಫಿನಿಷ್ ಕ್ಯಾಮೆರಾ ಕೆಟ್ಟಿರಬೇಕು ಅಂದರು ಇನ್ನೊಬ್ಬರು. ಪ್ರಭಾಕರ್ ವೇದಿಕೆಯಿಂದ ಎದ್ದು ಎರಡು ಹೆಜ್ಜೆ ಬಂದು ನಿಂತುಬಿಟ್ಟರು. ಗೊಣಗಾಟವೂ ಅಡಗಿತು. ಗೇಟಿನಾಚೆ ಹೋಗುವ ಬಸ್ಸಿನ ಸದ್ದು ಬಿಟ್ಟರೆ ಇನ್ನೇನೂ ಕೇಳಿಸುತ್ತಿರಲಿಲ್ಲ. ಮೆಟ್ಟಿಲಿನಲ್ಲಿ ನಾನೊಬ್ಬಳೇ ಎದ್ದು ನಿಂತಿದ್ದೆ. ಆ ನಿಮಿಷ ಯಾರದೆಂದು ಅಷ್ಟು ದೊಡ್ಡ ಮೈದಾನದಲ್ಲಿ ನಮ್ಮಿಬ್ಬರಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

ನಿಮಿಷ ಪೂರ್ತಿಯಾದ ಮೇಲೆ ಶಾಹಿನಾ ಕೈ ಇಳಿಸಿ, ‘ಆನ್ ಯುವರ್ ಮಾರ್ಕ್ಸ್’ ಅಂದಳು.