ಸತ್ತ ರಾಕ್ಷಸಿಗೆ ಒನ್ಸ್ ಮೋರ್

ಆಗೆಲ್ಲ ನಮ್ಮ ಬೆಸಗರಹಳ್ಳಿಯಲ್ಲಿ ಮಕ್ಕಳನ್ನು ಮಲಗಿಸುವುದಕ್ಕೆ ಒಬ್ಬ ರಾಕ್ಷಸಿ ಸಾಕಾಗಿದ್ದಳು. ಅಜ್ಜಿ ಮುದ್ದೆ ತೊಳಸಿದ ಕೈಯನ್ನು ಸೆರಗಿಗೆ ಒರೆಸಿಕೊಂಡು "ನರಮನ್ಸರ ವಾಸ್ನೆ ಬತ್ತದೆ!" ಎಂದರೆ ಆಯಿತು, ನಾನೂ ತಂಗಿ ಪುಟ್ಟಿಯೂ ಕಂಬಳಿಯೊಳಗೆ. ಆ ರಾಕ್ಷಸಿಯ ಪ್ರಾಣ ಒಂದು ಗಿಣಿಯಲ್ಲಿತ್ತು. ರಾಜಕುಮಾರ ಗಿಣಿಯ ಕತ್ತು ಮುರಿದರೆ ಇವಳು ದೊಪ್ಪನೆ ಬೀಳಬೇಕು. ಅಜ್ಜಿ ಒಂದು ದಿನವೂ ಅವಳನ್ನು ಬದುಕಿಸಿದವಳಲ್ಲ.

ನಾನು ಐದನೇ ಕ್ಲಾಸಿನಲ್ಲಿದ್ದಾಗ, ಆಲೆಮನೆಗಳಿಂದ ಬೆಲ್ಲದ ವಾಸನೆ ಊರಿಗೆಲ್ಲ ಹಬ್ಬುವ ಕಾಲದಲ್ಲಿ, ಸ್ಕೂಲ್ ಡೇಗೆ ಅದೇ ಕಥೆಯ ನಾಟಕ ಎಂದಾಯಿತು. ಹಾರ್ಮೋನಿಯಂ ಮೇಷ್ಟ್ರು ನನ್ನನ್ನೇ ಕರೆದರು. "ನಿನ್ ಗಂಟ್ಲು ಮದ್ದೂರ್‌ಗಂಟ ಕೇಳ್ತದೆ ಕಣಮ್ಮಿ. ನೀನೇ ರಾಕ್ಸಸಿ." ರಾಜಕುಮಾರಿಯಾಗಬೇಕೆಂದಿದ್ದ ನನಗೆ ಅಳುವೇ ಬಂತು. ಅಜ್ಜಿ ಗದರಿದಳು: "ಲೇ, ರಾಜ್ಕುಮಾರಿ ಸುಮ್ಕೆ ಕೂತಿರ್ತಾಳೆ. ನಾಟ್ಕ ನಡ್ಸೋಳೇ ರಾಕ್ಸಸಿ!"

ಮಾತು ನಿಜವೇ. ನಮ್ಮ ಕಡೆ ನಾಟಕದಲ್ಲಿ ಜನ ಹೆಚ್ಚಾಗಿ ಒನ್ಸ್ ಮೋರ್ ಕೂಗುತ್ತಿದ್ದದ್ದು ಕೇಡಿಗಳಿಗೇ. ಕೂಗಿದರೆ ಮುಗಿಯಿತು, ಸತ್ತು ಬಿದ್ದವನೂ ಮಣ್ಣು ಕೊಡವಿಕೊಂಡು ಎದ್ದು ಮತ್ತೆ ಹಾಡಬೇಕು. ಏಳುವ ತನಕ ಜನ ಬಿಡುತ್ತಿರಲಿಲ್ಲ.

ಹರಳೆಣ್ಣೆಯಲ್ಲಿ ಕಲಸಿದ ಮಸಿಯನ್ನು ನನ್ನ ಮುಖಕ್ಕೆ ಬಳಿದರು, ಕೋರೆಹಲ್ಲಿಗೆ ತೆಂಗಿನಕಾಯಿ ಹೋಳು. ಬಳಿಯುವಾಗ ಪಕ್ಕದಲ್ಲೇ ಇದ್ದ ಮೂರು ವರ್ಷದ ಪುಟ್ಟಿಗೆ ಹೆದರಿಕೆಯೇ ಇಲ್ಲ. ಅಜ್ಜಿಯ ತೊಡೆಯ ಮೇಲೆ ಮುಂದೆಯೇ ಕೂತು "ನಮ್ಮಕ್ಕ, ನಮ್ಮಕ್ಕ" ಎಂದು ಊರಿಗೆಲ್ಲ ಸಾರಿದಳು. ನಾನು ಅರಚಿದೆ, ಕುಣಿದೆ. ರಾಜಕುಮಾರ ಬಟ್ಟೆಯ ಗಿಣಿಯ ಕತ್ತು ತಿರುಚಿದ. ಕಣ್ಣು ಮೇಲೆ ಮಾಡಿ ಬಿದ್ದೆ.

"ನಮ್ಮಕ್ಕ ಸತ್ತೋದ್ಲು!"

ಪುಟ್ಟಿಯ ಕಿರುಚಾಟ ಅದು. ಅಜ್ಜಿಯ ಕಥೆಯಲ್ಲಿ ಬಿದ್ದ ರಾಕ್ಷಸಿ ಎದ್ದದ್ದನ್ನು ಪಾಪ ಅವಳು ಕೇಳಿಯೇ ಇರಲಿಲ್ಲ. ಜೋರಾಗಿ ಅತ್ತರೆ ಅವಳಿಗೆ ಉಸಿರು ಕಟ್ಟಿ ತುಟಿ ನೀಲಿಯಾಗುತ್ತಿತ್ತು. ಅಳು ನಡುವೆಯೇ ನಿಂತದ್ದು ಕೇಳಿ ನಾನು ಏಳಲು ಹೋದೆ. "ಸುಮ್ಕೆ ಬಿದ್ಗಂಡಿರು, ಚರ್ಮ ಸುಲಿದ್ಬುಡ್ತೀನಿ" ಎಂದರು ಮೇಷ್ಟ್ರು ಹಾರ್ಮೋನಿಯಂ ಹಿಂದಿನಿಂದ.

ಅಷ್ಟರಲ್ಲಿ ಅಜ್ಜಿ ಪುಟ್ಟಿಯನ್ನು ಎತ್ತಿಕೊಂಡು ಎದ್ದು ನಿಂತಳು. "ಒನ್ಸ್ ಮೋರ್!"

ಎಲ್ಲರೂ ತಿರುಗಿ ನೋಡಿದರು. ಆಮೇಲೆ ಇಡೀ ಊರೇ ಕೂಗಿತು. ಮೇಷ್ಟ್ರು ಏನು ಮಾಡಿಯಾರು! ನಾನು ಮಣ್ಣು ಕೊಡವಿಕೊಂಡು ಎದ್ದೆ. ಪುಟ್ಟಿ ದೀರ್ಘವಾಗಿ ಉಸಿರೆಳೆದು, ಬಿಕ್ಕುತ್ತಲೇ ನಕ್ಕಳು. ಅಬ್ಬಾ, ಹೋದ ಜೀವ ಬಂದದ್ದು ನನಗೆ. ರಾಜಕುಮಾರ ಮತ್ತೆ ಗಿಣಿಗೆ ಕೈ ಹಾಕಿದ. "ಮುಟ್ಟೀಯಾ ಜ್ವಾಕೆ ಕಣ್ಲಾ! ಒಂದ್ಸಲ ಸತ್ತಿದ್ದು ಸಾಕು ಬುಡು" ಎಂದಳು ಅಜ್ಜಿ. ನಾನು ಗಿಣಿಯನ್ನು ಕಸಿದುಕೊಂಡು ಪುಟ್ಟಿಯ ಹತ್ತಿರ ಇಳಿದುಬಿಟ್ಟೆ. ಅವಳು ನನ್ನ ಕೋರೆಹಲ್ಲು ಕಿತ್ತು ತಿಂದಳು.

ಅಂದಿನಿಂದ ಅಜ್ಜಿಯ ಕಥೆಯಲ್ಲಿ ರಾಕ್ಷಸಿ ಸಾಯಲಿಲ್ಲ. ಗಿಣಿಗೆ ಕಾಳು ಹಾಕಿಕೊಂಡು ಬದುಕಿದ್ದಳು.

ಮೊನ್ನೆ ಮಂಡ್ಯದ ಥಿಯೇಟರಿನಲ್ಲಿ ಪುಟ್ಟಿ, ಅವಳ ಮಗಳು, ನಾನು ಒಂದು ಸಿನಿಮಾ ನೋಡಿದೆವು. ಈಗಿನ ರಾಕ್ಷಸಿ ಒಳ್ಳೆಯವಳಂತೆ, ಯಾರೋ ಅನ್ಯಾಯ ಮಾಡಿದ್ದರಂತೆ. ಕೊನೆಗೆ ಅವಳು ಸತ್ತಾಗ ಪುಟ್ಟಿ ನನ್ನ ಕೈ ಹಿಡಿದುಕೊಂಡಳು. ಮಗಳು ಪಾಪ್‌ಕಾರ್ನ್ ತಿನ್ನುತ್ತಲೇ, "ಬುಡು ದೊಡ್ಡಮ್ಮ, ಪಾರ್ಟ್ ಟೂನಲ್ಲಿ ಬತ್ತಾಳೆ" ಎಂದಳು. ಈಗ ಯಾರೂ ಕೂಗಬೇಕಾಗಿಯೇ ಇಲ್ಲ.

ಅಜ್ಜಿ ಹೋದ ದಿನ ಅವಳನ್ನು ಹಜಾರದಲ್ಲಿ ಮಲಗಿಸಿದ್ದರು. ಪುಟ್ಟಿ ನನ್ನ ಕಿವಿಯಲ್ಲಿ ಕೇಳಿದ್ದಳು: "ಅಕ್ಕ, ಒಂದ್ಸಲ ಕೂಗಾನ?" ನಗುವೂ ಬಂತು, ಅಳುವೂ ಬಂತು. ಕೂಗಿ ಎಬ್ಬಿಸುತ್ತಿದ್ದವಳೇ ಅಲ್ಲಿ ಮಲಗಿದ್ದಳು.