ತೊಳೆದಿಟ್ಟ ತಗಡು

ರಾಯಚರ್ಲಿನ ಕೆಂಪಕ್ಕನ ಅತ್ತೆ ಪೆದ್ದಮ್ಮ ಸೂಲಗಿತ್ತಿ. ಊರಿನ ಅರ್ಧ ಜನ ಹುಟ್ಟಿದ್ದು ಆಕೆಯ ಕೈಯಲ್ಲಿ. ಕಂಡಕಂಡವರಿಗೆಲ್ಲ ಫ್ಲೆಕ್ಸ್ ಕಟ್ಟುವ ಊರಲ್ಲಿ ಅಂಥವಳದ್ದೊಂದು ಫೋಟೋ ಇಲ್ಲ. ಆಕೆ ತೀರಿಕೊಂಡ ಮೇಲೆ ಆ ಮುಖ ಉಳಿದದ್ದು ಸೊಸೆಯ ನೆನಪಿನಲ್ಲಿ ಮಾತ್ರ. ಸೊಸೆಗೋ ಅರವತ್ತು ದಾಟಿ ಕಣ್ಣಿಗೆ ಪೊರೆ ಬಂದಿದೆ.

ಪಾವಗಡದ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್ ಯಶೋದ ಭಾನುವಾರ ಹೆಂಗಸರಿಗೆ ಎಚಿಂಗ್ ಕಲಿಸುತ್ತಾರೆಂದು ಕೇಳಿ ಕೆಂಪಕ್ಕ ಬಸ್ಸು ಹತ್ತಿದಳು. ಸತುವಿನ ತಗಡಿಗೆ ಮೇಣ ಬಳಿದು, ಅದರ ಮೇಲೆ ಸೂಜಿಯಲ್ಲಿ ಗೀರಿ, ಆಸಿಡ್ಡಿಗೆ ಹಾಕಿದರೆ ಗೀರಿದಷ್ಟೇ ಜಾಗ ಸವೆಯುತ್ತದೆ. ಆ ಗೆರೆಗಳಿಗೆ ಮಸಿ ತುಂಬಿ ಹಾಳೆಗೆ ಒತ್ತಿದರೆ ಚಿತ್ರ. ಮೂರು ಭಾನುವಾರ ಕೆಂಪಕ್ಕ ಕಂಬಳಿ ಹೊಲಿಯುವ ದಬ್ಬಳದಲ್ಲೇ ಅತ್ತೆಯ ಮುಖ ಗೀರಿದಳು.

"ಇನ್ನೊಂದ್ಸಲ ಆಗಾಕಿಲ್ಲ ಟೀಚರಮ್ಮ, ಕಣ್ಣು ಮಂಜಾಗ್ಬುಟ್ಟೈತೆ."

ಆಸಿಡ್ಡಿನಿಂದ ತೆಗೆದು ಮೇಣ ಒರೆಸಿದ ತಗಡು ಕಪ್ಪಗಿತ್ತು. ಟೀಚರ್ ಹಾಳೆ ನೆನೆಸಲು ಒಳಗೆ ಹೋದರು. ಇನ್ನೊಬ್ಬರ ಸಾಮಾನನ್ನು ತೊಳೆಯದೆ ಹಿಂದಕ್ಕೆ ಕೊಟ್ಟು ಗೊತ್ತಿಲ್ಲದ ಜೀವ ಕೆಂಪಕ್ಕ. ಬಿಸಿಯೂಟದ ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ಕೂತು, ಮರಳು, ತೆಂಗಿನ ನಾರು ಹಾಕಿ ಗಸಗಸ ಉಜ್ಜಿ ಥಳಥಳ ಹೊಳೆಯಿಸಿಯೇ ತಂದಳು.

ಟೀಚರ್ ಅದನ್ನು ಬೆಳಕಿಗೆ ಹಿಡಿದು ನೋಡಿದರು. ತಗಡಿನ ತುಂಬ ತರಚು. "ಕೆಂಪಕ್ಕ, ಇದೇನು ಮಾಡಿದ್ರಿ!"

ಕೆಂಪಕ್ಕ ತಗಡನ್ನು ಇಸಕೊಂಡು ಕಣ್ಣಿನ ಹತ್ತಿರ ಹಿಡಿದಳು. ಅತ್ತೆಯನ್ನು ತನ್ನ ಕೈಯಾರೆ ಇನ್ನೊಂದು ಸಲ ಕಳಕೊಂಡೆನಲ್ಲ!

ಆದದ್ದಾಗಲಿ ಅಂತ ಟೀಚರ್ ಮಸಿ ತುಂಬಿ, ಒರೆಸಿ, ಒದ್ದೆ ಹಾಳೆಯಿಟ್ಟು ಅಚ್ಚೊತ್ತುವ ಯಂತ್ರ ತಿರುಗಿಸಿದರು. ಹಾಳೆ ಎತ್ತಿ ಇಬ್ಬರೂ ಬಗ್ಗಿ ನೋಡಿದರು. ಆಸಿಡ್ ತಿಂದ ಗೆರೆಗಳು ಆಳವಾಗಿದ್ದವು, ಮುಖ ಹಾಗೇ ಉಳಿದಿತ್ತು. ಮರಳಿನ ತರಚುಗಳಲ್ಲಿ ನಿಂತ ಮಸಿ ಮುಖದ ಸುತ್ತ ಬೂದು ಬಣ್ಣದ ಧೂಳಾಗಿ ಎದ್ದಿತ್ತು. ಹೆರಿಗೆ ನೋವೆಂದು ಯಾರಾದರೂ ಕೂಗಿದರೆ ಪೆದ್ದಮ್ಮ ತಾನು ಕಾಯುತ್ತಿದ್ದ ಕುರಿಮಂದೆ ಬಿಟ್ಟು ಓಡಿಬರುತ್ತಿದ್ದದ್ದು ಅಂಥ ಧೂಳಿನಲ್ಲೇ.

"ನಮ್ಮತ್ತೆ ಬಂದ್ಬುಟ್ಳು ಕಣಮ್ಮ," ಎಂದು ಕೆಂಪಕ್ಕ ಕೈಮುಗಿದಳು.

ಅವತ್ತು ಹನ್ನೊಂದು ಹಾಳೆ ಒತ್ತಿದರು. "ಇದ್ರಾಗೆ ಅಸಲಿ ಯಾವ್ದಮ್ಮ?"

"ಎಲ್ಲಾ ಅಸಲಿನೇ ಕೆಂಪಕ್ಕ. ಇದರಲ್ಲಿ ನಕಲಿ ಅನ್ನೋದಿಲ್ಲ."

ಆ ಮಾತು ಕೆಂಪಕ್ಕನಿಗೆ ಬಲು ಹಿಡಿಸಿತು. ಅತ್ತೆ ಹೆರಿಗೆ ಮಾಡಿಸಿದ ಮನೆಗಳಲ್ಲಿ ಹನ್ನೊಂದಕ್ಕೆ ತಾನೇ ಹೋಗಿ ಕೊಟ್ಟಳು. ಅತ್ತೆಯ ಕೈಯಲ್ಲೇ ಹುಟ್ಟಿ ಈಗ ಐವತ್ತು ದಾಟಿದ ಶಿವರಾಜು ಚಪ್ಪಲಿ ಬಿಟ್ಟು, ಎರಡೂ ಕೈ ಚಾಚಿ ತಗೊಂಡ.

ತನಗೆಂದು ಅವಳು ಒಂದು ಹಾಳೆಯನ್ನೂ ಇಟ್ಟುಕೊಳ್ಳಲಿಲ್ಲ. ಟೀಚರ್ ಅವಳಿಗೇ ಕೊಟ್ಟ ಆ ತಗಡು ದೇವರ ಗೂಡಿನಲ್ಲಿದೆ. ಹಬ್ಬ ಬಂದರೆ ಕೆಂಪಕ್ಕ ಮನೆಯ ಪಾತ್ರೆಯನ್ನೆಲ್ಲ ಬೆಳಗುತ್ತಾಳೆ, ಅದೊಂದನ್ನು ಬಿಟ್ಟು.