ಬೀರಲಿಂಗಪ್ಪನ ಗಂಟಲು

ಬೀರಲಿಂಗಪ್ಪನಿಗೆ ದೇವರು ಹೊಲ ಕೊಡಲಿಲ್ಲ, ಓದು ಕೊಡಲಿಲ್ಲ, ಗಂಟಲೊಂದನ್ನು ಮಾತ್ರ ಧಾರಾಳವಾಗಿ ಕೊಟ್ಟ. ಜಗಳೂರು ಕಡೆಯ ಕುರಿಗಾರರ ಮನೆಯ ಹುಡುಗ ಗುಡ್ಡದ ಈಚೆ ನಿಂತು ಕೂಗಿದರೆ ಆಚೆ ಮೇಯುವ ಕುರಿ ತಲೆಯೆತ್ತುತ್ತಿತ್ತಂತೆ. ಇಪ್ಪತ್ತನೇ ವಯಸ್ಸಿಗೆ ಶ್ರೀ ಅಂತರಘಟ್ಟಮ್ಮ ಕೃಪಾಪೋಷಿತ ನಾಟ್ಯ ಸಂಘವೆಂಬ ಸಣ್ಣ ನಾಟಕ ಕಂಪನಿ ಅವನನ್ನು ಕರೆದುಕೊಂಡು ಹೋಯಿತು. ಬಣ್ಣ ಹಚ್ಚಲಿಕ್ಕಲ್ಲ, ಮೈಕ್ ಹಿಡಿದು ಊರೂರು ತಿರುಗಿ ಜನರನ್ನು ಕರೆಯಲಿಕ್ಕೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಕಂಪನಿ ಎಲ್ಲಿ ಡೇರೆ ಹಾಕಲಿ, ಮೊದಲು ಕೇಳುತ್ತಿದ್ದುದು ಅವನ ದನಿ: "ಆತ್ಮೀಯ ನಾಗರಿಕ ಬಂಧುಗಳೇ..." ಆ "ಬಂಧುಗಳೇ" ಎನ್ನುವುದನ್ನು ಅವನು ಎಳೆಯುವ ಚೆಂದಕ್ಕೇ ಟಿಕೆಟ್ ತೆಗೆದವರಿದ್ದರು. ಸುಳ್ಳಲ್ಲ, ಬೇಕಾದರೆ ಹಳಬರನ್ನು ಕೇಳಿ.

ಆಮೇಲೆ ಕೊರೊನಾ ಬಂತು, ನಾಟಕ ನಿಂತಿತು. ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನೆ ಎನ್ನುತ್ತಾರಲ್ಲ, ಬೀರಲಿಂಗಪ್ಪನೂ ಬದುಕಿದ. ಆದರೆ ಹೇಗೆ? ಯಾರಾದರೂ ತೀರಿಕೊಂಡರೆ ಆಟೋಗೆ ಮೈಕ್ ಕಟ್ಟಿ ಸುದ್ದಿ ಸಾರುವುದು ಈ ಊರುಗಳ ವಾಡಿಕೆ. ಮೈಕ್ ಸೆಟ್ಟಿನ ಅಂಗಡಿಯವನೊಬ್ಬ ಇವನಿಗೆ ಆ ಕೆಲಸ ಕೊಟ್ಟ. "ಆತ್ಮೀಯ ನಾಗರಿಕ ಬಂಧುಗಳೇ, ಇಂಥವರು ಇಂದು ಬೆಳಗಿನ ಜಾವ ದೈವಾಧೀನರಾಗಿದ್ದಾರೆ..." ಮೊದಲ ಮಾತು ಅದೇ, ಎಳೆತವೂ ಅದೇ! ಸಾವಿಗೆ ಬೇರೆ ಮಾತು ಕಟ್ಟಿಕೊಳ್ಳಬೇಕೆಂದು ಆ ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ. ನಾಲ್ಕೈದು ವರ್ಷದಲ್ಲಿ ಎಷ್ಟು ಮನೆಯ ಹಿರಿಯರ, ಎಷ್ಟು ಎಳೆಯ ಮಕ್ಕಳ ಹೆಸರು ಆ ಬಾಯಿಂದ ಬಂದವೋ, ಲೆಕ್ಕವಿಟ್ಟವರಿಲ್ಲ.

ಈ ವರ್ಷ ಚಳಿ ಇಳಿಯುವ ಹೊತ್ತಿಗೆ ಕಂಪನಿಯ ಒಡತಿ ವನಜಾಕ್ಷಿ ಮತ್ತೆ ಧೈರ್ಯ ಮಾಡಿದಳು. ಒಂದು ಕಾಲಕ್ಕೆ ನಾಯಕಿಯಾಗಿ ಮೆರೆದವಳು, ಈಗ ತಾಯಿಯ ಪಾತ್ರದವಳು. ನ್ಯಾಮತಿಯಲ್ಲಿ ಡೇರೆ ಎದ್ದಿತು. ಹೊಸ ನಾಟಕ: "ಅತ್ತೆ ಹೊಸಬಳು, ಸೊಸೆ ಹಳಬಳು". ಮಗನ ಮದುವೆಯಾದ ಮೇಲೆ ಅಪ್ಪನೂ ಮದುವೆಯಾಗುವ ನಗೆ ನಾಟಕ.

"ಶುಕ್ರವಾರ, ಶನಿವಾರ, ಭಾನುವಾರ, ಮೂರು ಆಟ ನೋಡ್ತೀನಿ ಬೀರಣ್ಣ," ಎಂದಳು ವನಜಾಕ್ಷಿ. "ಭಾನುವಾರ ಅರ್ಧ ಡೇರೆನಾದ್ರೂ ತುಂಬಲಿಲ್ಲ ಅಂದ್ರೆ ಬಿಚ್ಚಿಬಿಡಾಣ. ಹದಿನಾಲ್ಕು ಜನಾನ ಉಪವಾಸ ಕೆಡವಾಕೆ ನನ್ನ ಕೈಲಾಗಲ್ಲ."

ಬಿಚ್ಚುವ ಮಾತು ಕೇಳಿ ಬೀರಲಿಂಗಪ್ಪ ಹೆದರಿದ. ಹೆಂಡತಿಯಿಲ್ಲ, ಮಕ್ಕಳಿಲ್ಲ, ಮೂವತ್ತಾರು ವರ್ಷ ಡೇರೆಯೇ ಅವನ ಮನೆ.

ಗುರುವಾರ ಬೆಳಗ್ಗೆ ತಲೆಗೆ ಎಣ್ಣೆ ಹಚ್ಚಿ, ಹಣೆಗೆ ಭಂಡಾರ ಇಟ್ಟು ಹೊರಟ. ಬಸ್ ಸ್ಟ್ಯಾಂಡ್ ಹಿಂದಿನ ಬೀದಿಗೆ ಆಟೋ ತಿರುಗಿತು. "ಆತ್ಮೀಯ ನಾಗರಿಕ ಬಂಧುಗಳೇ..." ಇಷ್ಟೇ ಅಂದದ್ದು. ಹೂ ಮಾರುವ ದೊಡ್ಡಕ್ಕ ಸೆರಗು ಬಾಯಿಗಿಟ್ಟುಕೊಂಡು ಓಡಿ ಬಂದಳು.

"ಅಯ್ಯೋ ಶಿವನೇ, ಯಾರು ಹೋದ್ರಪ್ಪಾ?"

"ಯಾರೂ ಹೋಗಿಲ್ಲಮ್ಮ, ನಾಟಕ! ನಗೆ ನಾಟಕ!"

"ನಿನ್ ಬಾಯಿಗೆ ಮಣ್ಣಾಕ! ಎದೆ ಒಡ್ಕಂಡು ಬಂದೆನಲ್ಲೋ!" ಎರಡು ವರ್ಷದ ಹಿಂದೆ ಅವಳ ಗಂಡನ ಸುದ್ದಿ ಸಾರಿದ್ದು ಇದೇ ದನಿ.

ಮುಂದಿನ ಬೀದಿಯಲ್ಲೂ ಅದೇ ಕಥೆ. ಹೊನ್ನಾಳಿಗೆ ಹೋದರೆ ಅಲ್ಲೂ ಅದೇ. ಅಡಿಕೆ ಮಂಡಿಯ ಬೆನಕಪ್ಪ ಕೈ ಮುಗಿದೇ ಬಿಟ್ಟರು: "ಮಗಳಿಗೆ ಗಂಡು ನೋಡಾಕೆ ಹೊಂಟೀವಿ ಮಾರಾಯ, ಒಂದೀಟು ಮೈಕ್ ಬಂದ್ ಮಾಡು." ಬಂದ್ ಮಾಡಿದ. ಇನ್ನೇನು ಮಾಡಿಯಾನು? ದನಿ ಬದಲಿಸಿ ನೋಡಿದ, ಬೇಗ ಬೇಗ ಹೇಳಿ ನೋಡಿದ, ನಕ್ಕೂ ನೋಡಿದ. ಸಾವಿನ ಸುದ್ದಿಯವನು ನಗುತ್ತಾ ಬಂದರೆ ಇನ್ನೂ ಭಯ, ಮಕ್ಕಳು ಒಳಗೆ ಓಡಿದವು.

ಶುಕ್ರವಾರ ಮೂವತ್ತೊಂದು ಜನ ಬಂದರು. ಶನಿವಾರ ಇಪ್ಪತ್ತೆರಡು. ಹಾರ್ಮೋನಿಯಂ ತಿಪ್ಪೇಶ್ ಎಲ್ಲರ ಮುಂದೆಯೇ ಅಂದ: "ಹೆಣಕ್ಕೆ ಕರ್ಯೋನು ಹಾಸ್ಯಕ್ಕೆ ಕರೆದ್ರೆ ಯಾರು ಬತ್ತಾರೆ ಹೇಳ್ರಿ?" ವನಜಾಕ್ಷಿ ಅವನನ್ನು ಗದರಲಿಲ್ಲ. ಬೀರಲಿಂಗಪ್ಪನಿಗೆ ಚುಚ್ಚಿದ್ದು ತಿಪ್ಪೇಶನ ಮಾತಲ್ಲ, ಅವಳು ಗದರದೆ ಇದ್ದದ್ದು.

ಭಾನುವಾರ ಬೆಳಗ್ಗೆ ತಾನೇ ಅವಳ ಮುಂದೆ ಹೋಗಿ ಮೈಕ್ ಇಟ್ಟ. "ನನ್ನ ದನಿ ಬ್ಯಾಡ ಅಕ್ಕ. ಚೈತ್ರಶ್ರೀ ಕೈಲಿ ಕೊಡ್ರಿ."

ಚೈತ್ರಶ್ರೀ ಸೊಸೆಯ ಪಾತ್ರದ ಹುಡುಗಿ, ಪಾಪ, ಸಂಕೋಚಪಟ್ಟಳು. ಅವನೇ ಪಕ್ಕ ಕೂತು ಎಲ್ಲಿ ಉಸಿರು ತಗೋಬೇಕು, ಎಲ್ಲಿ ಎಳೀಬೇಕು ಎಂದು ಹೇಳಿಕೊಟ್ಟ. ಆ ಗಂಟಲಲ್ಲಿ ಇದ್ದಬದ್ದದ್ದನ್ನೆಲ್ಲ ಅವಳಿಗೆ ಧಾರೆ ಎರೆದ ಅನ್ನಿ. ಆಟೋ ಹೊರಟ ಮೇಲೆ ಹಿಂದೆ ಹಿಂದೆ ನಡೆದ. ಬಾಗಿಲುಗಳು ತೆರೆದವು. ಹೆಂಗಸರು ನಕ್ಕರು. ಒಬ್ಬರೂ ಯಾರು ಹೋದರೆಂದು ಕೇಳಲಿಲ್ಲ. "ಹುಡುಗಿ ಚೆಂದ ಹೇಳ್ತಾಳೆ ಕಣೇ," ಎಂದು ದೊಡ್ಡಕ್ಕ ಪಕ್ಕದ ಮನೆಯವಳಿಗೆ ಹೇಳಿದ್ದನ್ನು ಅವನೇ ಕಿವಿಯಾರೆ ಕೇಳಿದ. ತನ್ನ ಗಂಟಲು ಇನ್ನು ಯಾರಿಗೂ ಬೇಡವೆಂದು ಸಂಕಟವಾಯಿತು. ಡೇರೆ ಉಳಿಯಿತಲ್ಲ ಎಂದು ಸಮಾಧಾನವೂ ಆಯಿತು.

ಸಂಜೆ ಆರೂವರೆಗೆ ಆಟ. ಆರು ಗಂಟೆಗೆ ಹೊಸ ಅಂಗಿ ತೊಟ್ಟು ಗೇಟಿನಲ್ಲಿ ನಿಂತ. ಆರೂಕಾಲಾದರೂ ಒಳಗೆ ಕೂತವರು ಹದಿನೇಳು ಜನ. ತಡೆಯಲಾರದೆ ದೊಡ್ಡಕ್ಕನ ಮನೆಗೆ ಓಡಿದ. ಅವಳು ಜಗುಲಿಯ ಮೇಲೆ ಹೂ ಕಟ್ಟುತ್ತಾ ಕೂತಿದ್ದಳು.

"ಯಾಕಮ್ಮ ಬರ್ಲಿಲ್ಲ? ಇವತ್ತು ನಾನು ಕೂಗಿಲ್ಲ, ಆ ಹುಡುಗಿ ಕೂಗಿದ್ದು!"

ಅವನ ಮುಖ ನೋಡಿ ಅವಳು ಕಟ್ಟುತ್ತಿದ್ದ ಹೂ ಕೆಳಗಿಟ್ಟಳು. "ಬ್ಯಾಸರ ಮಾಡ್ಕಬ್ಯಾಡಪ್ಪ. ನೀನು ಕೂಗಿದ್ರೂ ಬರ್ತಿರ್ಲಿಲ್ಲ, ಅವಳು ಕೂಗಿದ್ರೂ ಬರ್ತಿರ್ಲಿಲ್ಲ. ನಾಟಕ ನೋಡಾಣ ಅಂತ ಮನಸ್ಸೇ ಆಗಲ್ಲ ಈಗ. ನಮ್ಮ ಬೀದೀಲಿ ಯಾರಿಗೂ ಆಗಲ್ಲ."

ಬೀರಲಿಂಗಪ್ಪ ಡೇರೆಯತ್ತ ವಾಪಸು ನಡೆದ. ಮೂರು ದಿನ ಎಲ್ಲರೂ ಬೈದಾಗ ನೋವಾಗಿತ್ತು ನಿಜ, ಆದರೆ ಆ ಬೈಗುಳದಲ್ಲಿ ಒಂದು ಆಸೆಯೂ ಇತ್ತು: ತಾನು ಸರಿದು ನಿಂತರೆ ಎಲ್ಲ ಸರಿಹೋಗುತ್ತದೆ ಎಂದು. ಈಗ ಸರಿದು ನಿಂತೂ ಆಗಿತ್ತು, ಏನೂ ಸರಿಹೋಗಿರಲಿಲ್ಲ.

ಪರದೆಯ ಹಿಂದೆ ವನಜಾಕ್ಷಿ ಮುಖಕ್ಕೆ ಬಣ್ಣ ಹಚ್ಚಿ ಕೂತಿದ್ದಳು. ಖಾಲಿ ಕುರ್ಚಿಗಳನ್ನು ಅವಳಾಗಲೇ ನೋಡಿದ್ದಳು.

"ಬಂದೋರನ್ನ ವಾಪಸ್ ಕಳಿಸಬಾರ್ದು, ಆಟ ಆಡಾಣ," ಎಂದಳು. "ನಾಳೆ ಬಿಚ್ಚಾಣ. ನಿನ್ನ ಮ್ಯಾಲೆ ಸುಮ್ನೆ ಮುನಿಸ್ಕಂಡಿದ್ದೆ ಬೀರಣ್ಣ, ತಪ್ಪಾತು. ನಿಂದೇನೂ ಇಲ್ಲ ಇದ್ರಾಗೆ."

"ಹಂಗನ್ಬ್ಯಾಡ್ರಿ ಅಕ್ಕ!" ಬೀರಲಿಂಗಪ್ಪ ಅವಳ ಕಾಲ ಬಳಿ ಕುಸಿದು ಕೂತ. "ನಂದೇ ತಪ್ಪು ಅನ್ರಿ. ನನ್ನಿಂದಲೇ ಹಾಳಾತು ಅನ್ರಿ. ಬೇಕಾದ್ರೆ ಓಡಿಸ್ರಿ ನನ್ನ, ಹೋಗ್ತೀನಿ. ಡೇರೆ ಮಾತ್ರ ಬಿಚ್ಚಬ್ಯಾಡ್ರಿ."

ವನಜಾಕ್ಷಿ ಅವನ ತಲೆಯ ಮೇಲೆ ಕೈಯಿಟ್ಟಳು. ಅವನದೇ ತಪ್ಪೆಂದು ಅನ್ನಲು ಅವಳಿಗೂ ಆಸೆಯಿತ್ತು, ಆದರೆ ಅನ್ನಲಿಲ್ಲ. ಮೂರನೇ ಬೆಲ್ ಆಯಿತು, ಅವಳು ಎದ್ದು ರಂಗದ ಮೇಲೆ ಹೋದಳು.